ಅಲಗಿಗೆ ಹೆಸರು ಕೊಡುವ ಮುನ್ನ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ಶೇಂಗಾ ಚಟ್ನಿ, ಹಪ್ಪಳ, ಮಸಾಲೆ ಖಾರಕ್ಕೆ ಸ್ವಂತ ಹೆಸರಿನ ಚೀಟಿ ಅಂಟಿಸಿ ಮಾರಲು ಕಲಿತು ಬಹಳ ಕಾಲವಾಯಿತು. ಈಗ ಆ ಸಂಘಗಳವರೂ, ಪಾತ್ರೆ ಅಂಗಡಿ ಇಟ್ಟ ಹುಡುಗರೂ ಒಂದು ಹೊಸ ಪ್ರಶ್ನೆ ಕೇಳುತ್ತಿದ್ದಾರೆ. ಅಡುಗೆಮನೆಯ ಚಾಕುವನ್ನು ನಮ್ಮ ಹೆಸರಿನಲ್ಲಿ ಮಾರಬೇಕು, ಮಾಡಿಕೊಡುವವರನ್ನು ಎಲ್ಲಿ ಹುಡುಕೋಣ? ಹೆಸರು ಒಬ್ಬರದು, ತಯಾರಿಕೆ ಇನ್ನೊಬ್ಬರದು ಎಂಬ ಈ ವ್ಯವಹಾರಕ್ಕೆ ವ್ಯಾಪಾರಸ್ಥರು ಪ್ರೈವೇಟ್ ಲೇಬಲ್ ಎನ್ನುತ್ತಾರೆ. ಉಕ್ಕಿಗೆ ಹದ ಕೊಡುವ ಭಟ್ಟಿಯ ಮುಂದೆ ದುಡಿದವನು ನಾನು. ಆ ಕಡೆಯಿಂದ ಈ ಪ್ರಶ್ನೆಗೆ ಉತ್ತರ ಹೇಳಲು ಬಂದಿದ್ದೇನೆ.

ಮೊದಲು ಒಂದು ಮಾತು. ಚಟ್ನಿ ಕೆಟ್ಟರೆ ಆ ಪೊಟ್ಟಣ ಕೆಟ್ಟಿತು ಎಂದು ಜನ ಒಮ್ಮೊಮ್ಮೆ ಮರೆತಾರು. ಚಾಕು ಹಾಗಲ್ಲ, ಅದು ದಿನಕ್ಕೆ ಎರಡು ಹೊತ್ತು ಕೈಗೆ ಬರುತ್ತದೆ. ಎಣ್ಣೆಗಾಯಿಗೆ ಎಳೆ ಬದನೆ ಸೀಳುವಾಗ ನೋಡಿ. ತೊಟ್ಟು ಬಿಡದಂತೆ, ತುದಿಯಿಂದ ನಾಲ್ಕು ಹೋಳಾಗಿ ಸೀಳಿ, ಬುಡದಲ್ಲಿ ಬೆರಳಗಲ ಮುಂಚೆಯೇ ಕೈ ನಿಲ್ಲಿಸಬೇಕು. ಅಲಗು ಹರಿತವಿದ್ದರೆ ಕೈ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ. ಮೊಂಡಾಗಿದ್ದರೆ ಒತ್ತಬೇಕಾಗುತ್ತದೆ, ಒತ್ತಿದ ಕೈ ತಡೆಯದೆ ತೊಟ್ಟಿನವರೆಗೂ ಹೋಗುತ್ತದೆ, ಇಲ್ಲವೇ ಹೆಬ್ಬೆರಳಿಗೇ ಬರುತ್ತದೆ. ಆಗ ಆ ತಾಯಿಯ ಕಣ್ಣು ಅಲಗಿನ ಮೇಲಿನ ಹೆಸರಿನ ಮೇಲೇ ಬೀಳುತ್ತದೆ. ಅಲ್ಲಿರುವುದು ನಿಮ್ಮ ಹೆಸರು.

ಆದ್ದರಿಂದ ಮಾಡುವವರನ್ನು ಹುಡುಕುವ ಮೊದಲು ಏನು ಮಾಡಿಸಬೇಕೆಂಬುದು ನಿಮಗೆ ಗೊತ್ತಿರಬೇಕು. ಮನೆಯ ಪಾತ್ರೆಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲಿನಲ್ಲಿ, ಅಂದರೆ 304 ಎಂಬ ದರ್ಜೆಯಲ್ಲಿ, ಸುಮಾರು ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ಅದು ತುಕ್ಕು ಹಿಡಿಯುವುದಿಲ್ಲ, ಹೊಳೆಯುತ್ತದೆ. ಆದರೆ ಎಷ್ಟು ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಅದರಲ್ಲಿ ಲೋಟ, ಪರಾತ ಮಾಡಬಹುದು, ಚಾಕು ಆಗದು. ಚಾಕುವಿಗೆ ಬೇಕಾದದ್ದು ಇಂಗಾಲ ಹೆಚ್ಚಿರುವ ಬೇರೆ ಉಕ್ಕು. ಅಗ್ಗದ ಚಾಕುಗಳಿಗೆ ಸಾಮಾನ್ಯವಾಗಿ 420ಜೆ2 ದರ್ಜೆ ಬಳಸುತ್ತಾರೆ. ಅದರಲ್ಲಿ ಕ್ರೋಮಿಯಂ 12ರಿಂದ 14 ಪಾಲು, ಇಂಗಾಲ 0.26ರಿಂದ 0.40. ಜರ್ಮನಿಯ ಹೆಸರಾಂತ ಚಾಕುಗಳಲ್ಲಿ ಬಳಸುವ 1.4116 ದರ್ಜೆಯಲ್ಲಿ ಇಂಗಾಲ ಅರ್ಧ ಪಾಲಿನಷ್ಟಿರುತ್ತದೆ. ನೋಡಲು ಇದು ಚಿಕ್ಕ ವ್ಯತ್ಯಾಸ. ಹರಿತ ಎಷ್ಟು ದಿನ ನಿಲ್ಲುತ್ತದೆಂಬುದು ಬಹುಮಟ್ಟಿಗೆ ಅಲ್ಲೇ ನಿರ್ಧಾರವಾಗುತ್ತದೆ.

ಅಂಗಡಿಯಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಪಾತ್ರೆಯ ಸ್ಟೀಲಿನಿಂದ ಕತ್ತರಿಸಿದ ಹುಸಿ ಚಾಕುವಿಗೆ ಅದು ಅಂಟುವುದಿಲ್ಲ. ಅಂಟಿತೆಂದ ಮಾತ್ರಕ್ಕೆ ನಂಬಲೂ ಬಾರದು. 430 ಎಂಬ ಇನ್ನೊಂದು ಅಗ್ಗದ ದರ್ಜೆ ಅಯಸ್ಕಾಂತಕ್ಕೆ ಅಂಟುತ್ತದೆ, ಹದ ಮಾತ್ರ ಹಿಡಿಯುವುದಿಲ್ಲ. ಹಾಗಾಗಿ ಒಳ್ಳೆಯ ಅರವೊಂದನ್ನು ಅಲಗಿನ ಬಾಯಿಯ ಮೇಲೆ ಹಗುರವಾಗಿ ಉಜ್ಜಿ ನೋಡಿ. ಸಲೀಸಾಗಿ ಕಚ್ಚಿ ಪುಡಿ ಉದುರಿಸಿದರೆ ಅದು ಮೆತ್ತಗಿದೆ, ಜಾರಿ ಜಾರಿ ಒಲ್ಲದ ಮನಸ್ಸಿನಿಂದ ಕಚ್ಚಿದರೆ ಹದ ಇದೆ. ಖಚಿತವಾಗಿ ತಿಳಿಯಬೇಕಾದರೆ ರಾಕ್‌ವೆಲ್ ಮಾಪನ ಮಾಡಿಸಬೇಕು. ಮನೆಯ ಚಾಕು ರಾಕ್‌ವೆಲ್ ಸಿ ಮಾಪನದಲ್ಲಿ 52ರಿಂದ 58ರ ನಡುವೆ ಇರಬೇಕು. ಈ ವಿಷಯದಲ್ಲಿ ನಾವು ಭಾಗ್ಯವಂತರು. ಒಂದು ಕಡೆ ಬೆಳಗಾವಿಯ ಉದ್ಯಮಬಾಗ, ಇನ್ನೊಂದು ಕಡೆ ಕೊಲ್ಲಾಪುರದ ಶಿರೋಳಿ, ಗೋಕುಳ ಶಿರಗಾಂವಗಳಲ್ಲಿ ಎರಕದ ಕಾರ್ಖಾನೆಗಳ ಸಾಲೇ ಇದೆ. ಅವುಗಳ ಸಲುವಾಗಿಯೇ ಲೋಹ ಪರೀಕ್ಷೆಯ ಪ್ರಯೋಗಾಲಯಗಳೂ ಅಲ್ಲಿವೆ. ಯಂತ್ರದ ಬಿಡಿಭಾಗ ಪರೀಕ್ಷಿಸುವ ಉಪಕರಣಗಳೇ ನಿಮ್ಮ ಚಾಕುವಿನ ಗಟ್ಟಿತನವನ್ನೂ, ಅದರಲ್ಲಿರುವ ಕ್ರೋಮಿಯಂ, ಇಂಗಾಲದ ಪ್ರಮಾಣವನ್ನೂ ಹೇಳುತ್ತವೆ. ಸಾವಿರ ಚಾಕುಗಳಿಗೆ ಮುಂಗಡ ಕೊಡುವ ಮುನ್ನ ಎರಡು ಮಾದರಿಗಳನ್ನು ಅಲ್ಲಿ ತೋರಿಸಲು ಆಗುವ ಖರ್ಚು ಖರ್ಚೇ ಅಲ್ಲ.

ಉಕ್ಕು ಒಳ್ಳೆಯದಿದ್ದರೂ ಹದ ತಪ್ಪಿದರೆ ಎಲ್ಲ ಹೋಯಿತು. ಇದಕ್ಕೆ ಇಂಗ್ಲೆಂಡಿನ ಶೆಫೀಲ್ಡಿನ ಕಥೆಯೊಂದಿದೆ. 1913ರಲ್ಲಿ ಅಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ಯಿಸಿದ. ಇದು ಚಾಕುವಿಗೆ ತಕ್ಕ ಉಕ್ಕು ಎಂದು ಅವನಿಗೆ ಹೊಳೆಯಿತು, ಆದರೆ ಮಾಡಿಕೊಡುವವರು ಸಿಗಲಿಲ್ಲ. ಅವನು ಕೆಲಸಕ್ಕಿದ್ದ ಕಂಪನಿಗೆ ಆಸಕ್ತಿಯಿರಲಿಲ್ಲ. ಮಾದರಿ ಕೊಟ್ಟ ಚಾಕು ತಯಾರಕರು, ಇದು ಕೊಯ್ಯದ ಚಾಕು ಎಂದು ಹಿಂದಿರುಗಿಸಿದರು. ತಲೆಮಾರುಗಳಿಂದ ಸಾದಾ ಉಕ್ಕಿಗೆ ಕೊಟ್ಟು ರೂಢಿಯಾಗಿದ್ದ ಶಾಖವನ್ನೇ ಅವರು ಈ ಹೊಸ ಉಕ್ಕಿಗೂ ಕೊಟ್ಟಿದ್ದರು. ಸಾದಾ ಉಕ್ಕು 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹದಕ್ಕೆ ಬಂದರೆ ಇದಕ್ಕೆ ಸಾವಿರ ದಾಟಬೇಕು. ಕೊನೆಗೆ ಅರ್ನೆಸ್ಟ್ ಸ್ಟುವರ್ಟ್ ಎಂಬ ಚಾಕು ಕಾರ್ಖಾನೆಯ ಮೇಲ್ವಿಚಾರಕ ಕೆಡಿಸಿ, ಮತ್ತೆ ಕಾಯಿಸಿ, ಹದ ಕಂಡುಹಿಡಿದ. ಬ್ರಿಯರ್ಲಿ ತಾನೇ ಉಕ್ಕು ಕೊಂಡು, ತಾನೇ ಚಾಕು ಮಾಡಿಸಿದ. ಇವತ್ತು ಜಗತ್ತಿನ ಮನೆಮನೆಯಲ್ಲಿರುವ ಸ್ಟೇನ್‌ಲೆಸ್ ಚಾಕುವಿಗೂ ಒಂದು ಕಾಲದಲ್ಲಿ ಮಾಡಿಕೊಡುವವರನ್ನು ಹುಡುಕಿ ಅಲೆಯಬೇಕಾಗಿತ್ತು. ಕೆಲವು ಬಾರಿ ಕೆಡಿಸಿಯಾದರೂ ಹದ ಹುಡುಕುತ್ತೇನೆ ಎಂಬ ಸ್ಟುವರ್ಟನಂಥವನೇ ನಿಮಗೂ ಬೇಕು. ಬೆಲೆಯಲ್ಲಿ ಎರಡು ರೂಪಾಯಿ ಕಡಿಮೆ ಹೇಳಿದವನಿಗಿಂತ ಇಂಥವನು ನಿಮಗೆ ಲಾಭ.

ಈಗ ಎಲ್ಲಿ ಹುಡುಕುವುದು? ಗುಜರಾತಿನ ರಾಜಕೋಟದಲ್ಲಿ ಅಡುಗೆಮನೆಯ ಸಲಕರಣೆ ಮಾಡುವ ಸಣ್ಣ ಕಾರ್ಖಾನೆಗಳು ಬಹಳ ಇವೆ. ಕಚ್ಛದ ಅಂಜಾರ ಚೂರಿ, ಅಡಕೊತ್ತುಗಳಿಗೆ ಹಳೆಯ ಹೆಸರು. ಹೊರದೇಶದಲ್ಲಾದರೆ ಚೀನಾದ ಯಾಂಗ್‌ಜಿಯಾಂಗ್, ಜಪಾನಿನ ಸೆಕಿ, ಜರ್ಮನಿಯ ಜೋಲಿಂಗೆನ್. ಫೋನಿನಲ್ಲಿ ಚಿತ್ರ ಕಳಿಸಿ, ನಿಮ್ಮ ಹೆಸರು ಲೇಸರಿನಲ್ಲಿ ಬರೆದುಕೊಡುತ್ತೇವೆ, ಇಂತಿಷ್ಟು ಸಾವಿರ ಕನಿಷ್ಠ ಆರ್ಡರು ಎನ್ನುವವರು ಬೇಕಾದಷ್ಟು. ಅವರ ಹತ್ತಿರ ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ಅದಕ್ಕೂ ಬರುತ್ತೇನೆ. ಆದರೆ ಮೊದಲು ನಮ್ಮ ಅಂಗಳ ನೋಡಿಕೊಳ್ಳೋಣ.

ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಈ ಸೀಮೆ ಕಬ್ಬಿನ ಸೀಮೆ. ಉಗಾರದ ಸಕ್ಕರೆ ಕಾರ್ಖಾನೆ 1939ರಲ್ಲಿ ಸ್ಥಾಪನೆಯಾದದ್ದು. ಕಬ್ಬು ಕಡಿಯುವ ಕೊಯ್ತಾಗಳನ್ನು ಬಡಿದು, ಹದ ಹಾಕಿ, ಹರಿತ ಮಾಡಿ ಕೊಡುತ್ತ ನಮ್ಮ ಕಂಬಾರರ ಕುಲುಮೆಗಳು ಇಲ್ಲಿಯವರೆಗೆ ಉಸಿರಾಡಿವೆ. ಕೊಯ್ತಾ ದಿನವಿಡೀ ಗಣಿಕೆಗೆ ಬಡಿಯುತ್ತದೆ, ನಡುನಡುವೆ ಕಲ್ಲಿಗೂ ತಾಗುತ್ತದೆ. ಅಷ್ಟಾದರೂ ಬಾಯಿ ಮುರಿಯಬಾರದು, ಮಡಿಚಲೂಬಾರದು. ಅಂಥ ಅಲಗು ಮಾಡಿದ ಕೈಗೆ ತರಕಾರಿ ಹೆಚ್ಚುವ ಚಾಕು ಕಷ್ಟದ ಕೆಲಸವಲ್ಲ. ಅಥಣಿ, ಮದಭಾವಿಗಳ ಸಮಗಾರ ಕುಶಲಿಗಳು ತೊಗಲು ಕೊಯ್ಯುವ ರಂಪಿಗೆಯನ್ನು ನೋಡಿದ್ದೀರಾ? ಅಗಲವಾದ ಬಾಯಿ, ಗಿಡ್ಡ ಹಿಡಿ, ದಪ್ಪ ಎಮ್ಮೆ ತೊಗಲನ್ನು ಒಂದೇ ಎಳೆತಕ್ಕೆ ಕೊಯ್ಯುವ ಹರಿತ. ಆ ಕುಶಲಿಗಳು ಒಳ್ಳೆಯ ಉಕ್ಕಿನ ಬೆಲೆ ಬಲ್ಲವರು. ಯಾವ ಕಂಬಾರನ ಅಲಗು ನಿಲ್ಲುತ್ತದೆ ಎಂದು ಅವರನ್ನು ಕೇಳಿ. ಅದಕ್ಕಿಂತ ನಂಬಿಕೆಯ ಶಿಫಾರಸು ನಿಮಗೆ ಸಿಗಲಾರದು.

ಸಾಣೆ ಹಿಡಿಯುವ ಶಿಕಲಗಾರ ಮನೆತನಗಳೂ ನಮ್ಮ ಊರುಗಳಲ್ಲಿವೆ. ಕಾಗವಾಡದ ಆಚೆ, ಗಡಿ ದಾಟಿದರೆ ಮಿರಜ. ಅಲ್ಲಿಯ ಸಿತಾರ, ತಂಬೂರಿಗಳು ದೇಶಕ್ಕೆಲ್ಲ ಹೆಸರಾಗಿವೆ. ಆ ವಾದ್ಯಗಳ ಕಸುಬನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಫರೀದಸಾಹೇಬರು ಆಯುಧಗಳಿಗೆ ಸಾಣೆ ಹಿಡಿಯುವ ಶಿಕಲಗಾರ ಮನೆತನದವರು. ಆಯುಧಕ್ಕೆ ಗಿರಾಕಿ ಕಡಿಮೆಯಾದ ಕಾಲದಲ್ಲಿ ಆ ಕೈಗಳು ಸೋರೆ ಬುರುಡೆಗೂ ತಂತಿಗೂ ತಿರುಗಿದವು. ಕೆಲಸ ಕೊಡುವವರಿದ್ದರೆ ಕುಶಲದ ಕೈ ಯಾವ ವಸ್ತುವಿಗಾದರೂ ಒಗ್ಗುತ್ತದೆ. ನಮ್ಮ ಕಂಬಾರ, ಶಿಕಲಗಾರರಿಗೆ ಅಡುಗೆಮನೆಯ ಗಿರಾಕಿಯನ್ನು ಹುಡುಕಿಕೊಟ್ಟವರು ಯಾರೂ ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ಕುಲುಮೆಗೆ ಹೋದಾಗ ಬರೀ ಬೆಲೆ ಕೇಳಿ ಬರಬೇಡಿ, ಒಂದು ಗಳಿಗೆ ಕೂತುಕೊಳ್ಳಿ. ಹೆಚ್ಚಿನವರು ಹಳೆಯ ಲಾರಿಯ ಕಮಾನು ಪಟ್ಟಿ, ಅಂದರೆ ಪಾಟಾ, ಬಳಸುತ್ತಾರೆ. ಅದು ಸ್ಪ್ರಿಂಗ್ ಉಕ್ಕು, ಚಾಕುವಿಗೆ ಸಾಕಾಗುವಷ್ಟು ಇಂಗಾಲ ಅದರಲ್ಲಿದೆ. ಜಾಣ ಕಂಬಾರ ಅಲಗನ್ನು ಬಿಸಿಲಿನಲ್ಲಿ ಕಾಯಿಸುವುದಿಲ್ಲ, ನೆರಳಿನಲ್ಲೇ ಕಾಯಿಸುತ್ತಾನೆ. ಕೆಂಡದ ಬಣ್ಣ ಬಿಸಿಲಿನಲ್ಲಿ ಮೋಸ ಮಾಡುತ್ತದೆ. ಬಣ್ಣ ಸರಿಯಾದ ಕೂಡಲೇ ಅಲಗನ್ನು ನೆಟ್ಟಗೆ ಅದ್ದುತ್ತಾನೆ, ಓರೆಯಾದರೆ ಸೊಟ್ಟಗಾಗುತ್ತದೆ. ಪಾಟಾ ಉಕ್ಕನ್ನು ನೀರಿಗಿಂತ ಎಣ್ಣೆಯಲ್ಲಿ ಅದ್ದುವುದು ಲೇಸು, ನೀರಿನಲ್ಲಿ ಬಿರುಕು ಬಿಡುವ ಭಯವುಂಟು. ಅಲ್ಲಿಗೆ ಮುಗಿಯಲಿಲ್ಲ. ಅದ್ದಿದ ಅಲಗು ಗಟ್ಟಿ, ಆದರೆ ಪೆಡಸು. ಕೆಳಗೆ ಬಿದ್ದರೆ ಮುರಿಯುತ್ತದೆ. ಅದನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ, ಮತ್ತೆ ಮೆಲ್ಲಗೆ ಬಿಸಿ ತೋರಿಸಬೇಕು. ಬೆಳ್ಳಗಿನ ಮೈಮೇಲೆ ಒಣಹುಲ್ಲಿನ ಹಳದಿ ಬಣ್ಣ ಹರಿದು ಬರುತ್ತದೆ. ಅದು ಬಾಯಿಗೆ ಮುಟ್ಟಿದ ಕ್ಷಣ ನಿಲ್ಲಿಸಬೇಕು. ಹಳದಿ ದಾಟಿ ನೀಲಿಗೆ ಹೋದರೆ ಗಟ್ಟಿತನ ಇಳಿಯಿತು ಎಂದೇ ಅರ್ಥ. ಈ ಎರಡನೆಯ ಬಿಸಿಯನ್ನು ಬಿಟ್ಟುಬಿಡುವವರೂ ಇದ್ದಾರೆ. ನೀವು ಎದುರಿಗೆ ಕೂತು ನೋಡಬೇಕಾದದ್ದು ಇದನ್ನೇ.

ಸಾಣೆಯಲ್ಲಿಯೂ ಇದೇ ಮಾತು. ಮೋಟಾರಿನ ಸಾಣೆಗೆ ಒಣ ಅಲಗು ಒತ್ತಿ ಹಿಡಿದರೆ ಬಾಯಿ ಕ್ಷಣದಲ್ಲಿ ನೀಲಿಯಾಗುತ್ತದೆ. ಆಮೇಲೆ ಪಾಲಿಶ್ ಹೊಡೆದರೆ ಆ ನೀಲಿ ಕಾಣುವುದಿಲ್ಲ. ಚಾಕು ಅಂಗಡಿಯಲ್ಲಿ ಹರಿತವಾಗಿರುತ್ತದೆ, ಮನೆಯಲ್ಲಿ ವಾರಕ್ಕೆ ಮೊಂಡಾಗುತ್ತದೆ. ಯಂತ್ರದ ಚಾಕುಗಳಲ್ಲಿ ನಾನು ಹೆಚ್ಚಾಗಿ ಕಂಡ ದೋಷ ಇದೇ. ಮೇಲಿಂದ ಮೇಲೆ ನೀರಿನಲ್ಲಿ ಅದ್ದುತ್ತ ಸಾಣೆ ಹಿಡಿಯುವವನಿಗೆ ತುಸು ಹೆಚ್ಚು ಕೂಲಿ ಕೊಟ್ಟರೂ ನಷ್ಟವಿಲ್ಲ.

ಕುಲುಮೆಯ ಚಾಕುವಿನ ಮಿತಿಯನ್ನೂ ಗಿರಾಕಿಗೆ ಮುಚ್ಚಿಡಬಾರದು. ಅದು ತುಕ್ಕು ಹಿಡಿಯುತ್ತದೆ. ಹುಣಸೆ, ಲಿಂಬೆ, ಬದನೆ ಕೊಯ್ದರೆ ಕಪ್ಪಾಗುತ್ತದೆ. ತೊಳೆದು ಒರೆಸಿ, ಒಂದು ಹನಿ ಎಣ್ಣೆ ಸವರಿ ಇಡಬೇಕು. ಈ ಮಾತನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ, ನಮ್ಮ ಗಡಿಯಲ್ಲಾದರೆ ಮರಾಠಿಯಲ್ಲೂ, ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ. ಮಣೆಯ ಮೇಲೆ ಕೂತು ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದ ನಮ್ಮ ಅವ್ವಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಸ ಅಡುಗೆಮನೆಯವರಿಗೆ ಹೇಳಬೇಕು. ಹಿಡಿಕೆಗೆ ನಮ್ಮ ಜಾಲಿ ಕಟ್ಟಿಗೆಯೇ ಸಾಕು, ಒಕ್ಕಲುತನದ ಸಾಮಾನಿಗೆ ತಲೆತಲಾಂತರದಿಂದ ಒದಗಿದ ಗಟ್ಟಿ ಕಟ್ಟಿಗೆ ಅದು.

ಇನ್ನು ಹೆಸರಿನ ವಿಷಯ. ಇದರಲ್ಲಿ ನಮ್ಮ ಸೀಮೆಗೆ ದೊಡ್ಡ ಪಾಠವೊಂದಿದೆ. ಅಥಣಿ, ನಿಪ್ಪಾಣಿ ಭಾಗದಲ್ಲಿ ಮಾಡಿದ ಚಪ್ಪಲಿ ತಲೆಮಾರುಗಳ ಕಾಲ ಕೊಲ್ಲಾಪುರದ ಪೇಟೆ ಸೇರಿ, ಕೊಲ್ಲಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ತೊಗಲು ಹದ ಮಾಡಿ, ಕೈಹೊಲಿಗೆ ಹಾಕಿದ ಮನೆಯವರ ಹೆಸರು ಕೊಂಡವರಿಗೆ ಗೊತ್ತೇ ಆಗಲಿಲ್ಲ. 1990ರ ದಶಕದ ಕೊನೆಗೆ ಬೆಂಗಳೂರಿನ ಅಸೆಂಟ್ ಸಂಸ್ಥೆ ಅಥಣಿಗೆ ಬಂದು ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳನ್ನು ಕಟ್ಟಿತು. ಆ ಕುಶಲಿಗಳ ಸ್ವಂತ ಹೆಸರಾಗಿ ಟೋಹೋಲ್ಡ್ ಹುಟ್ಟಿ, ಅಥಣಿಯ ಚಪ್ಪಲಿ ಹೊರದೇಶಗಳ ಅಂಗಡಿಗೆ ಹೋಯಿತು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ರೂಪದ ಚಪ್ಪಲಿ ತೋರಿಸಿತು, ಮೂಲ ಮಾತ್ರ ಹೇಳಲಿಲ್ಲ. ಕುಶಲಿಗಳು ದನಿ ಎತ್ತಿದ ಮೇಲೆ ಪ್ರೇರಣೆ ಎಲ್ಲಿಯದೆಂದು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದಕ್ಕೂ ಬಂತು.

ಇದನ್ನೆಲ್ಲ ಅನುಭವಿಸಿದ ನಾವು, ಇನ್ನೊಬ್ಬರ ಕೈಯಿಂದ ಮಾಡಿಸಿ ನಮ್ಮ ಹೆಸರು ಹಾಕುವಾಗ ಅದೇ ಅನ್ಯಾಯ ಮಾಡಬಾರದು. ಪೊಟ್ಟಣದ ಮೇಲೆ ನಿಮ್ಮ ಹೆಸರು ಇರಲಿ. ಅದರ ಕೆಳಗೆ, ತಯಾರಿಸಿದವರು ಇಂಥ ಊರಿನ ಇಂಥ ಕಂಬಾರರು ಎಂದೂ ಇರಲಿ. ಇದು ಬರೀ ಔದಾರ್ಯದ ಮಾತಲ್ಲ, ಕಾಯಿದೆಯೂ ಹೌದು. ಪೊಟ್ಟಣದ ಸರಕುಗಳ 2011ರ ಕಾನೂನುಮಾಪನ ನಿಯಮಗಳ ಪ್ರಕಾರ ತಯಾರಕರ ಹೆಸರು ವಿಳಾಸ, ಪೊಟ್ಟಣ ಕಟ್ಟಿದವರು ಬೇರೆಯಾದರೆ ಅವರದ್ದೂ, ತಯಾರಾದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳುವ ವಿಳಾಸ ಇವೆಲ್ಲ ಪೊಟ್ಟಣದ ಮೇಲೆ ಇರಲೇಬೇಕು. ತಯಾರಿಸಿದವರು, ಕಟ್ಟಿದವರು ಎಂದು ಬಿಡಿಸಿ ಹೇಳದೆ ಬರೀ ನಿಮ್ಮ ಹೆಸರು ಹಾಕಿದರೆ ಕಾನೂನು ನಿಮ್ಮನ್ನೇ ತಯಾರಕರೆಂದು ಹಿಡಿಯುತ್ತದೆ. ಜರ್ಮನಿಯವರು ಇನ್ನೂ ಮುಂದೆ ಹೋಗಿದ್ದಾರೆ. ಮುಖ್ಯ ಕೆಲಸವೆಲ್ಲ ಜೋಲಿಂಗೆನ್ ಸೀಮೆಯಲ್ಲೇ ಆಗಿದ್ದರೆ ಮಾತ್ರ ಅಲಗಿನ ಮೇಲೆ ಆ ಊರಿನ ಹೆಸರು ಹಾಕಬೇಕೆಂದು 1938ರಿಂದಲೇ ಅಲ್ಲಿ ಕಾಯಿದೆಯಿದೆ.

ನಿಮ್ಮ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವುದಾದರೆ ಚಾಕು, ಕೈಸಲಕರಣೆಗಳು 8ನೆಯ ವರ್ಗಕ್ಕೆ ಬರುತ್ತವೆ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಸಣ್ಣ ಉದ್ಯಮಕ್ಕೂ ಒಬ್ಬ ವ್ಯಕ್ತಿಗೂ ಆನ್‌ಲೈನ್ ಶುಲ್ಕ 4,500 ರೂಪಾಯಿ, ನೋಂದಣಿ 10 ವರ್ಷಕ್ಕೆ. ಕಾರ್ಖಾನೆಯವರೇ ಮಾಡಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ, ಅರ್ಜಿ ನಿಮ್ಮ ಹೆಸರಿನಲ್ಲೇ ಇರಬೇಕು. ಚಾಕು ಮಾರಲು ಪೊಲೀಸ್ ಪರವಾನಗಿ ಬೇಕೇ ಎಂದೂ ಕೆಲವರು ಹೆದರುತ್ತಾರೆ. ಆಯುಧಗಳ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತು ಬರುತ್ತದೆ, ನಿಜ. ಆದರೆ ಮನೆಬಳಕೆಗೆ, ಒಕ್ಕಲುತನಕ್ಕೆ ಎಂದು ಮಾಡಿದವನ್ನು ಅಲ್ಲಿಯೇ ಹೊರಗಿಟ್ಟಿದ್ದಾರೆ.

ದೂರದ ಕಾರ್ಖಾನೆಗೇ ಹೋಗುವುದಾದರೆ ಬಾಯಿಮಾತು ಸಾಲದು. ಉಕ್ಕಿನ ದರ್ಜೆ, ಬೆನ್ನಿನ ದಪ್ಪ, ಗಟ್ಟಿತನ ಇಷ್ಟರಿಂದ ಇಷ್ಟು, ಹಿಡಿಕೆಯ ಒಳಗೆ ಅಲಗಿನ ಬಾಲ ಎಲ್ಲಿಯವರೆಗೆ ಹೋಗಬೇಕು, ರಿವೆಟ್ ಎಷ್ಟು, ಎಲ್ಲ ಕಾಗದದ ಮೇಲೆ ಬರಲಿ. ಒಪ್ಪಿದ ಮಾದರಿಯ ಒಂದು ಚಾಕುವಿಗೆ ಇಬ್ಬರೂ ಸಹಿ ಮಾಡಿ, ಮೊಹರು ಹಾಕಿ ಎತ್ತಿಡಿ. ಅಚ್ಚು ಮಾಡಿಸಲು ನೀವು ಹಣ ಕೊಟ್ಟಿದ್ದರೆ ಆ ಅಚ್ಚು ಯಾರದು, ನಿಮ್ಮ ಹೆಸರು ಬಿದ್ದ ಹೆಚ್ಚುವರಿ ಮಾಲು ಏನಾಗಬೇಕು ಎಂದೂ ಬರೆಸಿ. ನಮ್ಮ ಸೀಮೆಯ ಅಂಗಡಿಕಾರರೊಬ್ಬರು ತಿರಸ್ಕರಿಸಿದ ಮಾಲು ಅವರದೇ ಹೆಸರು ಹೊತ್ತು ಬೇರೆ ಊರಿನ ಸಂತೆಯಲ್ಲಿ ಅಗ್ಗಕ್ಕೆ ಮಾರಾಟವಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಾಲು ಬಂದಾಗ ಮೇಲಿನ ಪೆಟ್ಟಿಗೆ ಬಿಟ್ಟು ನಡುವಿನ, ತಳದ ಪೆಟ್ಟಿಗೆಗಳಿಂದ ಚಾಕು ತೆಗೆದು ಅರ ಉಜ್ಜಿ ನೋಡಿ.

ಹಣ ಕೊಡುವ ಕಡೆಯೂ ಅಷ್ಟೇ ಕಟ್ಟುನಿಟ್ಟಾಗಿರಬೇಕು. ನಿಪ್ಪಾಣಿಯಲ್ಲಿ ಬೀಡಿ ಕಟ್ಟಿದ ತಾಯಂದಿರನ್ನು ಕೇಳಿ, ಕಟ್ಟಿದ ಬೀಡಿಯನ್ನು ಸರಿಯಿಲ್ಲವೆಂದು ತೆಗೆದಿಟ್ಟು ಕೂಲಿ ಕತ್ತರಿಸಿದರೆ ಹೊಟ್ಟೆ ಹೇಗೆ ಉರಿಯುತ್ತದೆಂದು ಅವರು ಹೇಳುತ್ತಾರೆ. ಚಾಕು ಯಾಕೆ ಬೇಡವಾಯಿತೆಂದು ಕಂಬಾರನಿಗೆ ತೋರಿಸಿ ಹೇಳಿ. ಒಪ್ಪಿದ ಮಾಲಿನ ಹಣ ತಡಮಾಡಬೇಡಿ. ಸರಕಾರದ ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಗೆ ಲಿಖಿತ ಕರಾರಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕೆಂದು ಸಣ್ಣ ಉದ್ಯಮಗಳ 2006ರ ಕಾಯಿದೆಯೇ ಹೇಳುತ್ತದೆ. ಆ ನೋಂದಣಿಗೆ ಶುಲ್ಕವಿಲ್ಲ, ಸಂಘದ ಹುಡುಗಿಯೊಬ್ಬಳು ಕಂಬಾರರ ಜೊತೆ ಕೂತು ಮಾಡಿಸಿಕೊಡಬಹುದು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ಸಾಲ. ಆ ಹಣದಲ್ಲಿ ಒಂದು ಒಳ್ಳೆಯ ಸಾಣೆ ಯಂತ್ರ ಬಂದರೆ ನಿಮ್ಮ ಚಾಕುವಿಗೇ ಅನುಕೂಲ.

ಕಂಬಾರರ ಹತ್ತಿರ ಹೋಗಲು ಹೊತ್ತು ನೋಡಬೇಕು. ದೀಪಾವಳಿಯ ಆಚೀಚೆ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿದರೆ ಕೊಯ್ತಾ ಕೆಲಸ ಮುಗಿಬೀಳುತ್ತದೆ. ಬೇಸಿಗೆಯಲ್ಲಿ ಕುಂಟೆ, ಕೂರಿಗೆ, ರಂಟೆಯ ಕುಡ ಹಣಿಸುವ ರೈತರ ಸಾಲು. ಬಿತ್ತಿಗೆ ಮುಗಿದ ಮೇಲೆ, ಆಷಾಢ ಶ್ರಾವಣದಲ್ಲಿ, ಕುಲುಮೆಗೆ ಒಂದಿಷ್ಟು ಬಿಡುವು ಸಿಗುತ್ತದೆ. ಆಗ ಹನ್ನೆರಡು ಚಾಕು ಮಾಡಿಸಿ, ಸಂಘದ ಹನ್ನೆರಡು ಮನೆಗೆ ಕೊಡಿ. ಒಂದು ತಿಂಗಳು ಉಳ್ಳಾಗಡ್ಡಿ, ಬದನೆ, ಕೊಬ್ಬರಿ ಎಲ್ಲ ಕೊಯ್ದು ಬಂದ ದೂರುಗಳನ್ನು ಬರೆದು ಕಂಬಾರರ ಮುಂದಿಡಿ. ದಸರೆಯ ಹೊತ್ತಿಗೆ ತಿದ್ದಿದ ಮಾದರಿ ಕೈಗೆ ಬರುತ್ತದೆ. ಮಾಘದ ಭಾರತ ಹುಣ್ಣಿಮೆಗೆ ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ ಕೂಡುತ್ತದೆ. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಭಕ್ತರು ಅಲ್ಲೇ ಬಿಡಾರ ಹೂಡಿ, ಅಲ್ಲೇ ಒಲೆ ಹಚ್ಚಿ ಅಡುಗೆ ಮಾಡುತ್ತಾರೆ. ಮೊದಲ ಅಂಗಡಿಯನ್ನು ಅಲ್ಲಿ ಹಚ್ಚಿ, ಒಂದು ಮಣೆ, ಒಂದಿಷ್ಟು ತರಕಾರಿ ಇಟ್ಟು, ಬಂದವರ ಕೈಗೇ ಚಾಕು ಕೊಡಿ. ಆ ಕಂಬಾರರನ್ನೂ ಜೊತೆಗೆ ಕರೆದುಕೊಂಡು ಹೋಗಿ ಅಂಗಡಿಯಲ್ಲಿ ಕೂಡ್ರಿಸಿ, ಗಿರಾಕಿಗಳ ಪ್ರಶ್ನೆಗೆ ಅವರೇ ಉತ್ತರ ಹೇಳಲಿ.